ಹಾಲ್‌ನ ದೀಪ ಆರಿಸಿದಾಗ

ನವೆಂಬರ್ 4, ಜಿನೀವಾ

ಬೆಳಿಗ್ಗೆಯಿಂದ ಕಪ್ಪು ಟೇಪ್ ಸುತ್ತುವುದೇ ಕೆಲಸ. ಕಣ ಹಾದುಹೋದರೆ ಮಿಣುಕುವ ಪ್ಲಾಸ್ಟಿಕ್ ಫಲಕಗಳು — ಹೊರಗಿನ ಬೆಳಕು ಚೂರೂ ನುಸುಳಬಾರದು. ನನ್ನ ಫಲಕ ‘ಕಣ ಹೋಯಿತು’ ಎಂದಾಗಲೆಲ್ಲ, ಪ್ರಯೋಗಾಲಯದ ಸಹೋದ್ಯೋಗಿ ರೇಟೊನ ಹೊಸ ಡಿಟೆಕ್ಟರೂ — ಕಣ ಹಿಡಿಯುವ ಯಂತ್ರ — ಹೌದೆನ್ನಬೇಕು. ಅದೇ ಪರೀಕ್ಷೆ.

ರೇಟೊನದಂತೆ! ಅದರ ಒಂದೊಂದು ತಂತಿಯೂ ನಾನು ಯೋಚಿಸಿದ್ದು. ಪ್ರಬಂಧದಲ್ಲಿ ಅವನೊಬ್ಬನದೇ ಹೆಸರು. ಮಧ್ಯಾಹ್ನ ಬಂದು ಹಲ್ಲು ಕಿರಿದ.

"ಏನೇ ಓಡಿಲ್, ಟೇಪ್ ಸುತ್ತೋದ್ರಲ್ಲಿ ನಿನ್ನ ಮೀರಿಸೋರಿಲ್ಲ ಬಿಡು."

ಮೈ ಉರಿದುಹೋಯಿತು. ಉಳಿದದ್ದನ್ನು ಹೇಗೋ ಸುತ್ತಿ ಎದ್ದುಬಂದೆ. ಇರಲಿ... ಒಂದು ಕೈ ನೋಡಿಕೊಳ್ಳುತ್ತೇನೆ.

ನವೆಂಬರ್ 9

ಡಿಟೆಕ್ಟರ್ ಮೂರರಲ್ಲೊಂದು ಕಣವನ್ನು ಹಿಡಿಯುತ್ತಲೇ ಇಲ್ಲ! ರೇಟೊನ ಮುಖ ಇಂಗು ತಿಂದ ಮಂಗನ ಹಾಗಾಗಿದೆ. ಖುಷಿಗೆ ಒಬ್ಬಳೇ ಕೂತು ಇಡೀ ಪಾತ್ರೆ ಕರಗಿದ ಚೀಸಿನ ಫೋಂಡ್ಯೂ ಮುಗಿಸಿದೆ.

ನವೆಂಬರ್ 10

ಫಲಕ ಸುತ್ತಿದವರು ಹಾಲ್‌ನ ದೀಪ ಆರಿಸಿ ಒಮ್ಮೆ ಎಣಿಕೆ ನೋಡುವುದು ಇಲ್ಲಿನ ರೂಢಿ; ಎಣಿಕೆ ಇಳಿದರೆ ಎಲ್ಲೋ ಬೆಳಕು ನುಸುಳುತ್ತಿತ್ತೆಂದೇ ಅರ್ಥ. ಅವತ್ತು ಸಿಟ್ಟಿನಲ್ಲಿ ನೋಡಿರಲಿಲ್ಲ. ಇವತ್ತು ಎಲ್ಲರೂ ಊಟಕ್ಕೆ ಹೋದಾಗ ಆರಿಸಿದೆ.

ಡಿಟೆಕ್ಟರ್ ಒಂದು ಕಣವನ್ನೂ ಬಿಡಲಿಲ್ಲ. ಅದು ಸರಿಯಾಗಿಯೇ ಇದೆ. ಸುಳ್ಳು ಹೇಳುತ್ತಿರುವುದು ನನ್ನ ಫಲಕಗಳು — ಮೂಲೆಯಲ್ಲಿ ಟೇಪ್ ಎದ್ದಿದೆ, ದೀಪದ ಬೆಳಕನ್ನೇ ಕಣವೆಂದು ಎಣಿಸುತ್ತಿವೆ.

ದೀಪ ಹಾಕಿದೆ. ಟೇಪ್ ಮುಟ್ಟಲಿಲ್ಲ. ಡಿಟೆಕ್ಟರ್ ಇರಬೇಕೋ ಬೇಡವೋ ಎಂದು ಹದಿನಾಲ್ಕನೇ ತಾರೀಖು ಸಭೆ. ಮುಳುಗಲಿ ಅವನು.

ನವೆಂಬರ್ 13

ರೇಟೊ ಬಂದಿದ್ದ. ನಿದ್ದೆಗೆಟ್ಟ ಕಣ್ಣು.

"ನಿನ್ನ ಫಲಕ ಸರಿ ಇದೆ ತಾನೇ? ದೀಪ ಆರ್ಸಿ ನೋಡಿದ್ದೀಯಲ್ಲ?"

"ನೋಡಿದೀನಪ್ಪ."

ಸುಳ್ಳೂ ಅಲ್ಲ.

ನವೆಂಬರ್ 14, ಸಂಜೆ

ಮುಖ್ಯಸ್ಥೆ ಮದಾಂ ಗ್ರಾಂಜಾನ್ ಕನ್ನಡಕ ತೆಗೆದಿಟ್ಟರು. "ಇದನ್ನ ಇಲ್ಲಿಗೇ ನಿಲ್ಸೋಣ. ನಾಳೆ ಬೆಳಿಗ್ಗೆ ಬಿಚ್ಚಿಹಾಕಿ."

ಹೊಟ್ಟೆ ತಣ್ಣಗಾಯಿತು. ಆಗ ರೇಟೊ ಎದ್ದ. ಇಷ್ಟು ವರ್ಷ ಬಾಯಿ ಬಿಡದವನು!

"ಮದಾಂ, ಒಂದ್ ಮಾತು. ಈ ವಿನ್ಯಾಸ ನಂದಲ್ಲ. ಮೊದಲಿಂದ ಕೊನೇವರೆಗೂ ಓಡಿಲ್‌ದೇ. ಹೆಸರು ಬಿಟ್ಟಿದ್ದು ನನ್ನ ತಪ್ಪು."

ಎಲ್ಲರೂ ನನ್ನತ್ತ ತಿರುಗಿದರು. ಮದಾಂ ವರದಿಯಲ್ಲಿ ನನ್ನ ಹೆಸರು ಬರೆದುಕೊಂಡರು. ಕಳ್ಳ! ಗೆಲ್ಲುವಾಗ ಅವನದು, ಸೋತ ಮೇಲೆ ನನ್ನದು.

ಈಗಲೇ ಮದಾಂಗೆ ಫೋನ್ ಮಾಡಿದರೆ ಡಿಟೆಕ್ಟರ್ ಉಳಿಯುತ್ತದೆ. ನನ್ನ ಡಿಟೆಕ್ಟರ್. ದೀಪ ಆರಿಸಿದ್ದು ಯಾವತ್ತು ಎಂದು ಕೇಳುತ್ತಾರೆ. ಹತ್ತನೇ ತಾರೀಖು ಎಂದರೆ, ಗೊತ್ತಿದ್ದೂ ನಾಲ್ಕು ದಿನ ಮುಚ್ಚಿಟ್ಟೆನೆಂದು ಒಪ್ಪಿಕೊಂಡಂತೆ —