ಫಾಸ್ಫರಸ್ ಇಳಿಯದ ದಿನಗಳು

ಮಾರ್ಚ್ 4, ಬೆಳಿಗ್ಗೆ 6

ಕ್ಯಾಲ್ಸಿಯಂ ಮಾತ್ರೆ ಎರಡು, ವಿಟಮಿನ್ ಡಿ ಒಂದು. ಲಿಹಿಯಾ ಮತ್ತೆ ಮೂತಿ ತಿರುವಿದಳು. ಸುಣ್ಣ ತಿಂದ ಹಾಗಿರುತ್ತದಂತೆ. ಎಂಟು ವರ್ಷದ ಮಗಳನ್ನು ಎಷ್ಟು ದಿನ ಪುಸಲಾಯಿಸುವುದು? ಮಧ್ಯಾಹ್ನದ ಮಾತ್ರೆ ಕೊಡುವುದು ಅತ್ತೆಯ ಪಾಲಿಗೆ, ನನಗೆ ಹೊಲಿಗೆ ಅಂಗಡಿ. ಫಿಟ್ಸ್ ಬಂದು ಹನ್ನೆರಡು ದಿನವಾಯಿತು... ಸದ್ಯ.

ಮಾರ್ಚ್ 6

ಮೆರಿಡಾ ಪಟ್ಟಣದ ಆಸ್ಪತ್ರೆಗೆ ಬಸ್ಸು, ಎರಡು ಗಂಟೆ. ರಿಪೋರ್ಟ್ ಕೆಟ್ಟದಾಗಿದೆ. ಕ್ಯಾಲ್ಸಿಯಂ 6.8 — ಎಂಟೂವರೆಯಾದರೂ ಬೇಕು. ಫಾಸ್ಫರಸ್ 8.2 — ಆರು ದಾಟಬಾರದು.

ಡಾಕ್ಟರ್ ಪೆಚ್ ಚಿತ್ರ ಬರೆದು ಹೇಳಿದರು. ಕೆಲವರಿಗೆ ಕುತ್ತಿಗೆಯ ಗ್ರಂಥಿ ಹಾರ್ಮೋನೇ ಮಾಡುವುದಿಲ್ಲ. ಲಿಹಿಯಾಳದು ಬೇಕಾದಷ್ಟು ಮಾಡುತ್ತದೆ, ಆದರೆ ಕಿಡ್ನಿ ಅದರ ಮಾತು ಕೇಳುವುದಿಲ್ಲ. ಎರಡರಲ್ಲೂ ಕ್ಯಾಲ್ಸಿಯಂ ಕೆಳಗೆ, ಫಾಸ್ಫರಸ್ ಮೇಲೆ. ಆಮೇಲೆ ನನ್ನ ಕೈ ಹಿಡಿದು ಮುಷ್ಟಿ ಕಟ್ಟಿಸಿದರು. ಉಂಗುರದ ಬೆರಳಿನ ಗಿಣ್ಣು ಇರಬೇಕಾದಲ್ಲಿ ಗುಳಿ. ಲಿಹಿಯಾಳಿಗೂ ಹಾಗೇ. ನನ್ನ ರಕ್ತವನ್ನೂ ತೆಗೆದುಕೊಂಡರು.

ಮಾರ್ಚ್ 13

ನನ್ನದು: ಕ್ಯಾಲ್ಸಿಯಂ 9.4, ಫಾಸ್ಫರಸ್ 3.6. ಏನೂ ತೊಂದರೆ ಇಲ್ಲ. ಆದರೆ ದೋಷ ಅದೇ. ನನಗೆ ಅಪ್ಪನಿಂದ ಬಂದದ್ದರಿಂದ ಬೆರಳು ಗಿಡ್ಡವಾಗಿ ಅಲ್ಲಿಗೇ ನಿಂತಿತು. ತಾಯಿಯಿಂದ ದಾಟಿದರೆ ಮಗುವಿನ ರಕ್ತಕ್ಕೇ ಹತ್ತುತ್ತದಂತೆ. ಯಾರ ತಪ್ಪೂ ಅಲ್ಲ ಎಂದರು ಡಾಕ್ಟರ್. ಹೇಳುವುದು ಸುಲಭ. ಬಸ್ಸಿನಲ್ಲಿ ಇಡೀ ದಾರಿ ಅಳುತ್ತಲೇ ಬಂದೆ.

ಗಂಡ ವಿಲ್ಬರ್ತ್‌ಗೆ ಬರೀ ಅಂಕಿ ಹೇಳಿದೆ. ಅತ್ತೆಗೆ ಅದೂ ಇಲ್ಲ. ತಮ್ಮ ವಂಶದಲ್ಲಿ ಯಾರಿಗೂ ಫಿಟ್ಸ್ ಇರಲಿಲ್ಲ ಎಂದು ಅವರು ಆಗಲೇ ಎರಡು ಸಲ ಹೇಳಿದ್ದಾರೆ.

ಇನ್ನೊಂದು. ಮಾತ್ರೆ ನಿಜವಾಗಿ ಕೊಡುತ್ತಿದ್ದೀರಾ ಎಂದು ಡಾಕ್ಟರ್ ಕೇಳಿದರು. ಮೈ ಉರಿಯಿತು. ಏನೇನು ತಿನ್ನುತ್ತಾಳೆಂದು ಪಟ್ಟಿ ಬರೆಸಿಕೊಂಡರು, ಹಾಲು ಚೀಸ್ ಕಡಿಮೆ ಮಾಡಿಸಿದರು. ಫಾಸ್ಫರಸ್ ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಬೇಕು. ಕಣ್ಣಿಗೆ ಪೊರೆ ಬರಬಹುದಂತೆ, ಈ ವಯಸ್ಸಿಗೇ.

ಏಪ್ರಿಲ್ 2

ಫಿಟ್ಸ್. ಶಾಲೆಯಲ್ಲಿ, ಎಲ್ಲರ ಎದುರು. ಎರಡು ನಿಮಿಷ.

ಏಪ್ರಿಲ್ 3, ಮಧ್ಯಾಹ್ನ

ಅಂಗಡಿಯಲ್ಲಿ ಕರೆಂಟ್ ಹೋಯಿತು, ಬೇಗ ಬಂದೆ. ಲಿಹಿಯಾ ನಾವೆಲ್ಲ ಮಲಗುವ ಬಲೆಯ ಜೋಲಿಯಲ್ಲಿ. ಅತ್ತೆ ಮಾತ್ರೆ ಕುಟ್ಟಿ ದೊಡ್ಡ ಲೋಟದ ಕೋಲಾಕ್ಕೆ, ಆ ಕಪ್ಪು ಸೋಡಾಕ್ಕೆ, ಹಾಕುತ್ತಿದ್ದರು. ಬುರುಬುರು ನೊರೆ. ಮಗಳು ಗಟಗಟ ಕುಡಿದಳು.

ಡಾಕ್ಟರಿಗೆ ಫೋನ್ ಮಾಡಿದೆ. ಆ ಸೋಡಾದಲ್ಲೇ ಫಾಸ್ಫರಸ್ ಇದೆಯಂತೆ. ಮಾತ್ರೆ ಊಟದ ಜೊತೆ ಹೋಗಿ ಅದನ್ನು ಹಿಡಿದು ಹೊರಹಾಕಬೇಕು, ನಾವು ಜೊತೆಗೇ ಮತ್ತಷ್ಟು ಸುರಿಯುತ್ತಿದ್ದೆವು. ಪಟ್ಟಿಯಲ್ಲಿ ಯಾಕೆ ಹೇಳಲಿಲ್ಲ ಎಂದರು. ಸೋಡಾವನ್ನು ಊಟವೆಂದು ಯಾರು ಲೆಕ್ಕ ಹಿಡಿಯುತ್ತಾರೆ? ನಮ್ಮೂರಲ್ಲಿ ಅದು ನೀರಿದ್ದ ಹಾಗೆ. ರಾತ್ರಿ ಊಟಕ್ಕೆ ಬಾಟಲಿ ಇಡುವವಳು ನಾನೇ.

ಅದನ್ನು ಮಾತ್ರ ಅತ್ತೆಗೆ ಹೇಳಲಿಲ್ಲ. ಉಳಿದದ್ದೆಲ್ಲ ಬಾಯಿಗೆ ಬಂದ ಹಾಗೆ ಅಂದೆ. ಅವರು ಖಾಲಿ ಲೋಟ ಹಿಡಿದು ಜೋಲಿಯ ಅಂಚಿಗೆ ಕೂತರು.

"ಸೋಡಾದಲ್ಲಾದ್ರೆ ಕುಡೀತಾಳಲ್ಲ ಅಂತ ಕೊಟ್ಟೆ ಕಣೇ. ನನ್ ಕೈಯಾರೆ ನಾನೇ..."

ಏಪ್ರಿಲ್ 4

ನಿನ್ನೆಯಿಂದ ತಪ್ಪೆಲ್ಲ ಅತ್ತೆಯ ತಲೆಗೆ. ನನಗೆ ಹಾಯೆನಿಸಿತ್ತು — ಬರೆಯಲೂ ನಾಚಿಕೆ. ಅವರು ಊಟ ಮಾಡಿಲ್ಲ.

ಸಂಜೆ ಒಲೆಯ ಹತ್ತಿರ ಹೋದೆ. ರೊಟ್ಟಿ ತಟ್ಟುತ್ತಿದ್ದರು. ಮುಷ್ಟಿ ಕಟ್ಟಿ ಮುಂದೆ ಹಿಡಿದೆ. ಕಾಯಿಲೆ ನನ್ನಿಂದ ಬಂದದ್ದು, ಮೂರು ವಾರದಿಂದ ಮುಚ್ಚಿಟ್ಟೆ, ರಾತ್ರಿ ಸೋಡಾ ಕೊಟ್ಟವಳೂ ನಾನೇ ಎಂದೆ. ಹಿಟ್ಟಿನ ಕೈಯಲ್ಲೇ ನನ್ನ ಮುಷ್ಟಿ ಹಿಡಿದುಕೊಂಡರು.

"ಲ್ಯಾಂಡಿ, ನಿನ್ನ ಈ ಗುಳಿ ನಂಗೊತ್ತು. ಅವಳ ಕೈಲೂ ಕಂಡಾಗ, ಸದ್ಯ ಅಮ್ಮನ ಕೈ ಬಂತು, ಕೆಲಸದ ಕೈ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದೆ ನಾನು."

ಇಬ್ಬರೂ ಅತ್ತೆವು. ರೊಟ್ಟಿ ಸೀದಿತು. ಸೀದದ್ದನ್ನೇ ತಿಂದೆವು.

ಮೇ 8

ಕ್ಯಾಲ್ಸಿಯಂ 7.9. ಫಾಸ್ಫರಸ್ 6.3. ಇನ್ನೂ ಇಳಿಯಬೇಕು, ಆದರೆ ಆಸ್ಪತ್ರೆ ಬೇಡ! ಅತ್ತೆಗೆ ಓದು ಬರುವುದಿಲ್ಲ, ರಿಪೋರ್ಟನ್ನು ಎರಡು ಸಲ ಓದಿಸಿಕೊಂಡರು.

ಈಗ ಇಲ್ಲೇ ಪಕ್ಕದಲ್ಲಿ ಲಿಹಿಯಾ ಕೇಳುತ್ತಿದ್ದಾಳೆ, ಇದು ನನ್ನಿಂದ ಅವಳಿಗೆ ಬಂತಲ್ಲ, ಅವಳಿಂದ ಅವಳ ಮಗುವಿಗೂ ಬರುತ್ತದಾ ಎಂದು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಬರಬಹುದು, ಬಂದರೆ ಏನು ಮಾಡುತ್ತೀಯ ಎಂದೆ.

"ಸೋಡಾ ಕೊಡಲ್ಲ. ಅಜ್ಜಿಗೂ ಹೇಳ್ತೀನಿ."

ಒಳಗೆ ಒಲೆಯ ಹತ್ತಿರ ಅತ್ತೆಯ ಸದ್ದು. ನಗುತ್ತಿದ್ದಾರೋ ಅಳುತ್ತಿದ್ದಾರೋ... ಹೋಗಿ ನೋಡಿ ಬರುತ್ತೇನೆ.