ಯೋಗ್ಯತೆ ಇಲ್ಲದ ಜ್ವರ

ಮಿಶ್ರಿಕೋಟಿ
೯ ಏಪ್ರಿಲ್ ೨೦೨೫, ಬುಧವಾರ

ಪ್ರೀತಿಯ ಮಗಳು ಸಲೋಮಿಗೆ,

ಅಪ್ಪನ ಆಶೀರ್ವಾದಗಳು. ನೀನು ಆರೋಗ್ಯವಾಗಿದ್ದೀ ಅಂದುಕೊಂಡಿದ್ದೇನೆ. ನೈಟ್ ಡ್ಯೂಟಿ ಮುಗಿಸಿ ಬಂದು ಬರೀ ಚಹಾ ಕುಡಿದು ಮಲಗಬೇಡ, ಒಂದು ರೊಟ್ಟಿಯಾದರೂ ತಿನ್ನು. ಇತ್ತ ನಾನು ಕ್ಷೇಮ. ಬಿ.ಪಿ. ನೆಟ್ಟಗಿದೆ, ಗುಳಿಗೆ ತಪ್ಪಿಸಿಲ್ಲ. ಇದನ್ನು ಮೊದಲೇ ಬರೆದುಬಿಟ್ಟೆ, ಯಾಕೆಂದರೆ ಫೋನಿನಲ್ಲಿ ನೀನು ಇಷ್ಟನ್ನೇ ಕೇಳಿ ಇಟ್ಟುಬಿಡುತ್ತೀ. ನಾನು ಬಾಯಿ ತೆರೆಯುವಷ್ಟರಲ್ಲಿ ಯಾರೋ ಪೇಶಂಟ್ ಕರೆಯುತ್ತಾರೆ. ಕಾಗದಕ್ಕೆ ಆ ತೊಂದರೆ ಇಲ್ಲ. ನೀನಿರುವ ಅಳ್ನಾವರವೇನು ಸಮುದ್ರದ ಆಚೆಯ ಊರಲ್ಲ, ಆದರೂ ಬರೆಯುವ ಹೊತ್ತು ಬಂತು.

ಕಂಡಕ್ಟರ್ ನಿಜಾಮಸಾಬನ ಕೈಯಲ್ಲಿ ನೀನು ಕಳಿಸಿದ ಗಂಟು ಮುಟ್ಟಿತು. ಮತ್ತೆ ಸ್ವೆಟರ್. ಈಗ ಟ್ರಂಕಿನ ಮುಚ್ಚಳ ಕೂಡುವುದಿಲ್ಲ. ನಾನು ಗಂಟು ಬಿಚ್ಚುವುದನ್ನು ಬಾಜು ಮನೆಯ ರಾಜಮಾಬಿ ನೋಡುತ್ತ ನಿಂತಿದ್ದಳು. "ಕಾಕಾ, ನೀವು ನೋಡಿದ್ರ ಬೀಸಣಿಕಿ ಹಿಡಕೊಂಡು ಕುಂತೀರಿ, ಮಗಳು ನೋಡಿದ್ರ ನಿಮ್ಮನ್ನ ಹಿಮಾಲಯಕ್ಕ ಕಳಸಾಕ ಹೊಂಟಾಳಲ್ರಿ" ಅಂದಳು. ಇಬ್ಬರೂ ನಕ್ಕೆವು. ಅವಳು ಹೋದ ಮೇಲೆ ನಗು ಉಳಿಯಲಿಲ್ಲ. ನಿದ್ದೆ ಬಿಟ್ಟು ಹೆಣೆದದ್ದು ಹೆಣಿಗೆಯಲ್ಲೇ ಕಾಣುತ್ತದೆ, ಒಂದು ತೋಳು ಇನ್ನೊಂದಕ್ಕಿಂತ ಗಿಡ್ಡ. ಅಪ್ಪನಿಗೆ ಚಳಿ ಅಂತ ನೀನು ಹೆಣೆಯುತ್ತಿಲ್ಲ. ಅದು ನನಗೂ ಗೊತ್ತು, ನಿನಗೂ ಗೊತ್ತು.

ಮೊನ್ನೆ ಭಾನುವಾರ ನಮ್ಮ ಚರ್ಚಿನ ಅಯ್ಯನವರು ಕೃಪೆಯ ಮೇಲೆ ಉಪದೇಶ ಮಾಡಿದರು. ಆ ಶಬ್ದ ಅವರ ಬಾಯಿಂದ ಬಂದದ್ದೇ ತಡ, ಹಿಂದಿನ ಬೆಂಚಿನವರೆಲ್ಲ ನನ್ನ ಕಡೆ ತಿರುಗಿ ಮುಸಿಮುಸಿ ನಕ್ಕರು. ಯಾಕೆಂದು ನಿನಗೆ ಗೊತ್ತಿರಲಿಕ್ಕಿಲ್ಲ, ನೀನು ಆಗ ನರ್ಸಿಂಗ್ ಕಲಿಯಲು ಹೋಗಿದ್ದೆ. ಆ ವರ್ಷ ಕೇರಳದ ಕಡೆಯ ಬೋಧಕರೊಬ್ಬರು ಬಂದಿದ್ದರು, ಇಂಗ್ಲಿಷ್ ಬಿಟ್ಟರೆ ಬೇರೆ ಮಾತಿಲ್ಲ. ಕನ್ನಡಕ್ಕೆ ತಿರುಗಿಸಿ ಹೇಳಲು ನನ್ನನ್ನು ನಿಲ್ಲಿಸಿದರು. ನಾನು ಇಂಗ್ಲಿಷ್ ಪೇಪರನ್ನು ಕೃಪಾಂಕದ ಮೇಲೆ ದಾಟಿದವನು, ಆದರೆ ಚರ್ಚಿಗೆಲ್ಲ ಇದ್ದ ಬಿ.ಎ. ನಾನೊಬ್ಬನೇ. ಅವರು, ಗ್ರೇಸ್ ಈಸ್ ಅನ್‌ಮೆರಿಟೆಡ್ ಫೇವರ್, ಅಂದರು. ನನ್ನ ಕಿವಿಗೆ ಫೇವರ್ ಹೋಗಿ ಫೀವರ್ ಬಿತ್ತು. ಎದೆಯುಬ್ಬಿಸಿ, ಕೃಪೆ ಅಂದರೆ ಯೋಗ್ಯತೆ ಇಲ್ಲದ ಜ್ವರ, ಅಂತ ಸಾರಿದೆ. ಜನ ಆಮೆನ್ ಅಂದರು. ಅಯ್ಯನವರು ಮಾತ್ರ ಹಾಡಿನ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡರು. ಅವರು ಹೇಳಿದ್ದು ಯೋಗ್ಯತೆ ನೋಡದೆ ಸಿಗುವ ದಯೆ ಅಂತ ಆಮೇಲೆ ತಿಳಿದು ನನಗೆ ದಾರಿಯುದ್ದಕ್ಕೂ ತಲೆ ಎತ್ತಲಾಗಲಿಲ್ಲ. ನಿಮ್ಮವ್ವ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಇರ್ಲಿ ಬಿಡ್ರಿ, ತಪ್ಪೇನ್ ಹೇಳೀರಿ? ಜ್ವರಾ ಯಾರ ಯೋಗ್ಯತಾ ಕೇಳಿ ಬರ್ತೈತಿ? ಗೌಡಗೂ ಬರ್ತೈತಿ, ದನಾ ಕಾಯಾವಗೂ ಬರ್ತೈತಿ. ಗಳಿಸಿ ತಗೊಂಡಾರ ಯಾರದಾರ? ಕೃಪಾನೂ ಹಂಗ ಬರ್ತೈತಿ."

ಅಲ್ಲಿಯತನಕ ನಾನು ದೇವರ ಕೃಪೆಯನ್ನೂ ಕೃಪಾಂಕದ ಹಾಗೇ ತಿಳಿದಿದ್ದೆ. ನಾವು ಒದ್ದಾಡಿ ಪಾಸಿನ ಹತ್ತಿರ ಹೋಗಬೇಕು, ಕಡಿಮೆ ಬಿದ್ದದ್ದನ್ನು ಆತ ಹಾಕಿ ದಾಟಿಸುತ್ತಾನೆ ಅಂತ. ಹಾಗಾದರೆ ಸೊನ್ನೆ ತೆಗೆದುಕೊಂಡವನು ಎಲ್ಲಿಗೆ ಹೋಗಬೇಕು? ನೀನೂ ಈಗ ಅದೇ ಲೆಕ್ಕದಲ್ಲಿ ಬಿದ್ದಿದ್ದೀ ಅನ್ನಿಸಿ ಇದನ್ನೆಲ್ಲ ಬರೆಯುತ್ತಿದ್ದೇನೆ.

ಹೋದ ಶ್ರಾವಣದ ಆ ದಿನದ ಮಾತು ಎತ್ತುತ್ತೇನೆ, ಓದುವುದನ್ನು ನಿಲ್ಲಿಸಬೇಡ. ನಿಮ್ಮವ್ವ ಎದೆ ಉರಿ ಅಂತ ನಿನಗೆ ಫೋನ್ ಮಾಡಿದಳು. ವಾರ್ಡು ತುಂಬಿತ್ತು. ನೀನು, ಗ್ಯಾಸ್ ಆಗಿರಬೇಕು, ಜೀರಿಗೆ ನೀರು ಕುಡಿದು ಮಲಗು, ಅಂದೆ. ಅವಳು ಕುಡಿದು ಮಲಗಿದಳು, ಏಳಲಿಲ್ಲ. ಮಣ್ಣಿಗೆ ಬಂದವರೆಲ್ಲ ನಿನ್ನ ತಪ್ಪೇನಿಲ್ಲ ಅಂದರು. ಅವರ ಮಾತಿನಿಂದ ನಿನಗೆ ಇನ್ನಷ್ಟು ನೋವಾದದ್ದನ್ನು ನಾನು ಕಂಡೆ. ಮಣ್ಣು ಮುಗಿಸಿ ಹೋದ ನೀನು ಮತ್ತೆ ಮನೆಯ ಹೊಸ್ತಿಲು ತುಳಿದಿಲ್ಲ. ಕ್ರಿಸ್‌ಮಸ್ಸಿಗೆ ಕರೆದಾಗ, ಚರ್ಚಿನಲ್ಲಿ ರೊಟ್ಟಿ ಹಂಚುವ ಕರ್ತನ ಭೋಜನದ ಮಾತು ಬಂತು, "ಯಾವ ಕೈಲೆ ಆ ರೊಟ್ಟಿ ಮುಟ್ಲಿ ಅಪ್ಪಾ" ಅಂದೆ.

ನಾನು ನಿನ್ನ ತಪ್ಪಿಲ್ಲ ಅನ್ನುವುದಿಲ್ಲ. ನಿನ್ನಿಂದ ತಪ್ಪಾಯಿತು, ಮಗಳೇ. ಅವಳನ್ನು ಇನ್ನೊಂದು ಮಾತು ಕೇಳಬೇಕಿತ್ತು, ನೀನು ಕೇಳಲಿಲ್ಲ. ಎಷ್ಟು ಸ್ವೆಟರ್ ಹೆಣೆದರೂ ಅದು ಮುಚ್ಚುವುದಿಲ್ಲ, ಮುಚ್ಚಬೇಕಾದದ್ದೂ ಇಲ್ಲ. ನಿಮ್ಮವ್ವನ ಮೇಲೆ ಮೊದಲ ಹಿಡಿ ಮಣ್ಣು ಹಾಕುವಾಗಲೇ ನಾನು ಅದನ್ನು ಕ್ಷಮಿಸಿ ಆಗಿತ್ತು. ನೀನು ಕೇಳುವ ಮೊದಲು, ಸೂಜಿ ಕೈಗೆ ತೆಗೆದುಕೊಳ್ಳುವ ಮೊದಲು. ಇದು ನನ್ನ ದೊಡ್ಡತನವಲ್ಲ. ಯೇಸುಸ್ವಾಮಿಯಿಂದ ನನಗೂ ಪುಕ್ಕಟೆ ಸಿಕ್ಕದ್ದು, ನನ್ನಿಂದ ನಿನಗೆ ದಾಟಿದೆ, ಒಂದೇ ಮನೆಯಲ್ಲಿ ಜ್ವರ ದಾಟುವ ಹಾಗೆ. ಇನ್ನು ಆ ರೊಟ್ಟಿಯ ಮಾತು. ಅದನ್ನು ನಾವೆಲ್ಲ ಖಾಲಿ ಕೈ ಚಾಚಿಯೇ ತೆಗೆದುಕೊಳ್ಳುತ್ತೇವೆ. ಕೈ ತುಂಬ ಏನಾದರೂ ಹಿಡಿದು ನಿಂತವರಿಗೆ ಅಯ್ಯನವರು ಎಲ್ಲಿ ಇಡಬೇಕು ಹೇಳು.

ಬರುವ ಭಾನುವಾರ ಗರಿಗಳ ಹಬ್ಬ, ಅದರ ಮುಂದಿನದು ಈಸ್ಟರ್. ನಸುಕಿನಲ್ಲಿ ಎಲ್ಲರೂ ಮೇಣಬತ್ತಿ ಹಿಡಿದು ಸಮಾಧಿಗಳ ಹತ್ತಿರ ಹೋಗುತ್ತೇವೆ. ನಿಮ್ಮವ್ವ ಅಲ್ಲಿ ಮಲಗಿದ ಮೇಲೆ ಇದೇ ಮೊದಲ ಈಸ್ಟರ್. ರಾಜಮಾಬಿ ನಿನಗೆ ಸಲಾಮು ಹೇಳಿದ್ದಾಳೆ. ಕರ್ತನು ನಿನ್ನ ನಿದ್ದೆಯನ್ನೂ ಎಚ್ಚರವನ್ನೂ ಕಾಯಲಿ.

ನಿನ್ನ ಅಪ್ಪ,
ದಾನಿಯೇಲಪ್ಪ

ತಾ.ಕ.: ನಿಜಾಮಸಾಬ ಸೀಟಿ ಊದುತ್ತಿದ್ದಾನೆ, ಬಸ್ಸಿನ ಬಾಗಿಲಿಗೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ತವರಿಗೆ ಬರಿಗೈಲೆ ಬರಬಾರದು ಅಂತ ನಿಮ್ಮವ್ವ ನಿನಗೆ ಕಲಿಸಿದ್ದಾಳೆ. ಈ ಸಲ ಅದನ್ನು ಮುರಿ. ಈಸ್ಟರಿಗೆ ಬಾ. ಹಣ್ಣು ಬೇಡ, ಸಮಾಧಿಗೆ ಹೂವನ್ನೂ ತರಬೇಡ. ಸೂಜಿಯ ಮೇಲೆ ಅರ್ಧ ಹೆಣೆದದ್ದು ಇದ್ದರೆ, ಅರ್ಧಕ್ಕೇ ಬಿಟ್ಟು ಬಾ.