ಹಾಜರಿ ಪುಸ್ತಕದೊಳಗಿನ ಕೇತಮ್ಮ

ಪ್ರೀತಿಯ ಜಡೆಯ ಮೇಷ್ಟ್ರೇ,

ತಾವು ಬೆಂಚಿನ ಮೇಲೆ ಅತಿ ಹೆಚ್ಚು ಹೊತ್ತು ನಿಲ್ಲಿಸಿದ ಶಿಷ್ಯನೆಂಬ ಬಿರುದು ಹೊತ್ತ ಬೊಮ್ಮ, ಈಗ ತಮ್ಮದೇ ಆಶ್ರಮ ಶಾಲೆಯ ತಮ್ಮದೇ ಕುರ್ಚಿಯಲ್ಲಿ ಅತಿಥಿ ಶಿಕ್ಷಕನಾಗಿ ಆಸೀನನಾಗಿದ್ದಾನೆಂದು ಸವಿನಯವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ನಗಬೇಡಿ. ನೀವು ತೀರಿಕೊಂಡ ಮೇಲೆ ವಯನಾಡು ಗಡಿಯ ಮದ್ದೂರು ಕಡೆಯ ನಮ್ಮ ಸೋಲಿಗರ ಹಾಡಿಗಳಲ್ಲಿ ಡಿಗ್ರಿ ಓದಿದವರನ್ನು ಹುಡುಕಿದಾಗ ಇಲಾಖೆಯವರಿಗೆ ನಾನೊಬ್ಬನೇ ಸಿಕ್ಕಿದ್ದು. ಇನ್ನೇನು ಮಾಡಿಯಾರು?

ಆ ಮಧ್ಯಾಹ್ನ ನೆನಪಿದೆಯಾ? ನನ್ನ ಕ್ಲಾಸಿನ ಮಾದ ಅಪ್ಪನ ಜೊತೆ ಜೇನು ಕೀಳಲು ಹೋಗಿದ್ದ. ಬಾರದ ಮಗುವಿನ ತಟ್ಟೆಯನ್ನೂ ಸಾಲಿನಲ್ಲಿಟ್ಟು ಮುದ್ದೆ ಬಡಿಸುವುದು ನಿಮ್ಮ ಪದ್ಧತಿ. ಆ ಮಗು ಎಲ್ಲಿದೆ ಎಂದು ಯಾರಾದರೂ ಹೇಳುವವರೆಗೆ ಒಬ್ಬರೂ ಉಣ್ಣುವಂತಿಲ್ಲ. ಹಸಿವು ತಡೆಯಲಾರದೆ ನಾನು ಮಾದನ ತಟ್ಟೆಯ ಮುಂದೆ ಕೂತು, ಅವನದೇ ಗೊಗ್ಗರು ದನಿಯಲ್ಲಿ "ಬಂದಿವ್ನಿ ಸಾ" ಎಂದೆ. ಎಲ್ಲರೂ ನಕ್ಕರು. ನೀವು ನಗಲಿಲ್ಲ. "ಅವ್ನು ಮರದ್ ಮೇಲಿಂದ ಬಿದ್ದಿದ್ರೆ ನಿನ್ ದನಿ ಓಗಿ ಎತ್ಕೊಂಡ್ ಬತ್ತದೇನ್ಲಾ?" ಎಂದು ಕೇಳಿ, ಚಪ್ಪಲಿ ಮೆಟ್ಟಿಕೊಂಡು ಹಾಡಿಗೆ ಹೊರಟೇಬಿಟ್ಟಿರಿ.

ಇವತ್ತು ಆರನೇ ಕ್ಲಾಸಿನಲ್ಲಿರುವ ಕೇತಮ್ಮನನ್ನು ಒಂದನೇ ಕ್ಲಾಸಿಗೆ ಸೇರಿಸಿದ್ದು ನೀವೇ. ಈಗ ಬೋರ್ಡಿನ ಮೇಲೆ ನನ್ನ ಲೆಕ್ಕದ ತಪ್ಪು ಹಿಡಿಯುತ್ತಾಳೆ. ಹಿಡಿಯುತ್ತಿದ್ದಳು. ಅಪ್ಪ ಅಮ್ಮ ಶುಂಠಿ ಕೀಳಲು ವಯನಾಡಿಗೆ ಹೊರಟಾಗ ಅವಳನ್ನೂ ಕರೆದುಕೊಂಡು ಹೋದರು. ಬಹಳ ದಿನ ಬಾರದಿದ್ದರೆ ಹೆಸರು ಶಾಲೆ ಬಿಟ್ಟವರ ಪಟ್ಟಿಗೆ ಹೋಗುತ್ತದೆ. ಅಲ್ಲಿಗೆ ಹೋದರೆ ಅವಳ ಓದು ಮುಗಿದಂತೆ ಎಂದು ನನಗೆ ದಿಗಿಲು. ಈ ಭಾನುವಾರ ಹೋಗಿ ಕರೆತರುತ್ತೇನೆ, ಮುಂದಿನ ಭಾನುವಾರ... ಎನ್ನುತ್ತ ದಿನವೂ ಅವಳಿಗೆ ಹಾಜರಿ ಹಾಕಿದೆ. ಉಪಕಾರ ಮಾಡುತ್ತಿದ್ದೇನೆಂದೇ ಅಂದುಕೊಂಡಿದ್ದೆ ಮೇಷ್ಟ್ರೇ.

ಹೋದ ವಾರ ಇಲಾಖೆಯ ಜೀಪೊಂದು ಬಂತು. ಶಾಲೆ ಬಿಟ್ಟವರ ಪಟ್ಟಿ ಹಿಡಿದು ಶುಂಠಿ ಹೊಲಗಳಿಗೇ ಹೋಗಿ, ತಂದೆತಾಯಿಯನ್ನು ಒಪ್ಪಿಸಿ, ನಾಲ್ಕು ಮಕ್ಕಳನ್ನು ಕರೆತಂದಿದ್ದರು. ಪಟ್ಟಿ ಇರುವುದು ಅದಕ್ಕೆಂದು ನನಗೇನು ಗೊತ್ತು? ಅವರಲ್ಲೊಬ್ಬಳು, ಪಕ್ಕದ ಹಾಡಿಯ ಸಿದ್ದಿ, ಇಳಿದವಳೇ ನನ್ನ ಮುಂದೆ ನಿಂತಳು.

"ಕೇತಿನೂ ಬ್ಯಾಗ್ ತಕೊಂಡ್ ಬಂದು ಜೀಪ್ ಅತ್ತುದ್ಲು ಸಾ. ಲಿಸ್ಟಲ್ಲಿ ನಿನ್ನೆಸ್ರಿಲ್ಲ ಕಣಮ್ಮಿ, ನೀನು ಇಸ್ಕೂಲಲ್ಲೇ ಇದ್ದೀಯ ಅಂತ ಬರ್ದದೆ ಅಂದ್ಬುಟ್ಟು ಇಳಿಸ್ಬುಟ್ರು."

"ಅವ್ಳೇನಂದ್ಲು?"

"ಬ್ಯಾಗ್ ತಬ್ಕೊಂಡು ನಿಂತಿದ್ಲು."

ನಿನ್ನೆ ಹೆಡ್‌ಮಾಸ್ಟರ ಮುಂದೆ ಹಾಜರಿ ಪುಸ್ತಕ ಇಟ್ಟೆ. "ಸಾ, ಕೇತಮ್ಮ ಎರಡು ತಿಂಗಳಿಂದ ಬಂದಿಲ್ಲ. ಹಾಜರಿ ಆಕಿದ್ದು ನಾನು."

"ತಮಾಸೆ ಮಾಡ್ಬ್ಯಾಡ ಕಣ್ಲಾ ಬೊಮ್ಮ."

ಕೇತಮ್ಮನ ಸಾಲಿಗೆ ಬೆರಳಿಟ್ಟು ತೋರಿಸಿದೆ. ಅವರು ಪುಟ ತಿರುಗಿಸಿದರು, ಮತ್ತೆ ತಿರುಗಿಸಿದರು. "ಬರ್ದು ಕೊಡು. ಅವ್ಳ ಎಸ್ರು ಇವತ್ತೇ ಲಿಸ್ಟಿಗೆ ಕಳಿಸ್ತೀನಿ. ನಿನ್ ಕೆಲ್ಸ ಉಳೀತದೆ ಅಂತ ಮಾತ್ರ ಏಳಾಕಾಗಲ್ಲ."

ಕೆಲಸ ಹೋಗಲಿ. ಆದರೆ ಆ ಹೊಲದ ಶುಂಠಿ ಮುಗಿದಿದೆಯಂತೆ. ಆಳುಗಳು ಯಾವುದೋ ಕಾಫಿ ತೋಟಕ್ಕೆ ಹೋದರಂತೆ. ಯಾವ ತೋಟ? ಅವಳಪ್ಪನ ಫೋನ್ ಸ್ವಿಚ್ ಆಫ್. ನೀವಾಗಿದ್ದರೆ ಮೂರನೇ ದಿನಕ್ಕೇ ಹೋಗುತ್ತಿದ್ದಿರಿ...

ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ವಯನಾಡಿನ ಬತ್ತೇರಿಗೆ ಹೊರಟಿದ್ದೇನೆ. ತೋಟ ತೋಟ ಕೇಳುತ್ತೇನೆ. ಇವತ್ತು ಹಾಡಿಗೆ ಹೋಗಿ ಕೇತಮ್ಮನ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾಳೆಂದುಕೊಂಡಿದ್ದೆ, ಬಯ್ಯಲಿಲ್ಲ. ಒಳಗೆ ಹೋಗಿ ಯೂನಿಫಾರ್ಮಿನ ನೀಲಿ ಲಂಗ ತಂದು ನನ್ನ ಕೈಗಿಟ್ಟಳು.

"ಬೆಳ್ದಿರ್ತಾಳೆ ಕಣಪ್ಪಾ. ಅಂಚು ಬಿಚ್ಚಿ ಉದ್ದ ಮಾಡಿವ್ನಿ. ಬಿರ್ನೆ ಓಗು, ಇನ್ನು ಬಿಚ್ಚಾಕೆ ಅಂಚಿಲ್ಲ."

ನಿಮ್ಮ,
ಬೊಮ್ಮ